ಮಸಿಯಲ್ಲಿ ಉಳಿದ ನೀಲಿ ಸೈನಿಕ

ಪ್ಲಾಸ್ಟಿಕ್ ಹೊದಿಕೆಯೊಳಗಿಂದ ಒಂದು ದಪ್ಪ ರಟ್ಟಿನ ಹಾಳೆ ಹೊರಗೆ ಬರುತ್ತದೆ. ಮೇಜಿನ ಮೇಲೆ ನೆಟ್ಟಗೆ ಇಟ್ಟು ನೋಡಿದರೆ ಅದೊಂದು ರಣರಂಗ. ಮುರಿದು ಬಿದ್ದ ಯಂತ್ರಗಳು, ಹೊಗೆ, ಹೆಲ್ಮೆಟ್ ತೊಟ್ಟು ಬರಿ ಎದೆಯಲ್ಲಿ ನಿಂತ ಒಬ್ಬ ಸೈನಿಕ. ಅದನ್ನೇ ಕಿಟಕಿಯ ಬೆಳಕಿಗೆ ಕೊಂಚ ಓರೆಯಾಗಿ ಹಿಡಿಯಿರಿ. ಕಪ್ಪು ತುಂಬಿದ ಕಡೆ ಮಸಿ ಮಿನುಗುತ್ತದೆ, ಕುಂಚ ಎರಡನೇ ಸಲ ಹಾದುಹೋದ ಜಾಡು ಕಾಣುತ್ತದೆ. ಸ್ಫೋಟದ ಸುತ್ತ ಬಿಳಿ ಬಣ್ಣದ ಹನಿಗಳು ಹರಳಿನಂತೆ ಉಬ್ಬಿ ಕೂತಿವೆ. ಒಂದು ಮೂಲೆಯಲ್ಲಿ ಬ್ಲೇಡಿನಿಂದ ಕೆರೆದ ಗಾಯ. ಅಂಚಿನಲ್ಲಿ ತಿಳಿನೀಲಿ ಪೆನ್ಸಿಲ್ಲಿನಲ್ಲಿ ಯಾರೋ ಬರೆದಿಟ್ಟ ಅಳತೆ. ಮಾತಿನ ಗುಳ್ಳೆಗಳ ಮೇಲೆ ಬೆರಳಾಡಿಸಿದರೆ ಅಂಚು ತಾಕುತ್ತದೆ. ಅವು ಬೇರೆ ಕಾಗದದಲ್ಲಿ ಬರೆದು, ಕತ್ತರಿಸಿ, ಅಂಟಿಸಿದವು.

ಇದೇ ಪುಟವನ್ನು ನಲವತ್ತು ವರ್ಷಗಳ ಹಿಂದೆ ಬ್ರಿಟನ್ನಿನ ಮಕ್ಕಳು ಅಗ್ಗದ ನ್ಯೂಸ್‌ಪ್ರಿಂಟ್ ಕಾಗದದಲ್ಲಿ ಕಂಡಿದ್ದರು. ಅಲ್ಲಿ ಹೊಳಪಿರಲಿಲ್ಲ, ಹನಿಗಳ ಉಬ್ಬಿರಲಿಲ್ಲ, ಅಂಟಿಸಿದ ಗುರುತೂ ಇರಲಿಲ್ಲ. ಮುಂದಿನ ವಾರ ಹೊಸ ಸಂಚಿಕೆ ಬಂದೊಡನೆ ಹಳೆಯದು ರದ್ದಿಯ ದಾರಿ ಹಿಡಿಯುತ್ತಿತ್ತು.

ಕಾಮಿಕ್ಸ್ ಓದಿ ಬೆಳೆದವರಿಗೆ ಅಚ್ಚಾದ ಪುಟ ಗೊತ್ತು. ಆ ಪುಟಕ್ಕೆ ಒಂದು ಮೂಲಹಾಳೆ ಇತ್ತು, ಒಬ್ಬರು ದಿನವಿಡೀ ಬಾಗಿ ಕೂತು ಅದರ ಮೇಲೆ ಮಸಿ ಹಚ್ಚಿದ್ದರು ಎಂಬುದು ನೆನಪಿಗೆ ಬರುವುದು ಅಪರೂಪ. ಇಂಥ ಹಾಳೆಯೊಂದು ಹೇಗೆ ಹುಟ್ಟಿತು, ಅಚ್ಚಾದ ಮೇಲೆ ಏನಾಯಿತು ಎಂದು ತಿಳಿಯಲು ‘ರೋಗ್ ಟ್ರೂಪರ್’ ಎಂಬ ಬ್ರಿಟಿಷ್ ವೈಜ್ಞಾನಿಕ ಯುದ್ಧಕಥೆಗಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ.

ವಿಷಗಾಳಿಯ ಗ್ರಹ

ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿನ ಹುಡುಗರ ಪತ್ರಿಕೆಗಳಿಗೆ ಯುದ್ಧವೇ ಮುಖ್ಯ ಸರಕು. 1961ರಲ್ಲಿ ಡಂಡಿ ನಗರದ ಡಿ.ಸಿ. ಥಾಮ್ಸನ್ ಸಂಸ್ಥೆ ‘ಕಮಾಂಡೋ’ ಎಂಬ ಅಂಗೈಯಗಲದ ಪುಸ್ತಿಕೆ ಆರಂಭಿಸಿತು. 1975ರಲ್ಲಿ ಲಂಡನ್ನಿನ ಐಪಿಸಿ ಸಂಸ್ಥೆಗಾಗಿ ಪ್ಯಾಟ್ ಮಿಲ್ಸ್ ಮತ್ತು ಜಾನ್ ವ್ಯಾಗ್ನರ್ ‘ಬ್ಯಾಟಲ್’ ವಾರಪತ್ರಿಕೆ ಕಟ್ಟಿದರು. ಎರಡು ವರ್ಷ ಕಳೆದು, 1977ರ ಫೆಬ್ರುವರಿಯಲ್ಲಿ ಮಿಲ್ಸ್ ರೂಪಿಸಿದ ವೈಜ್ಞಾನಿಕ ಕಥೆಗಳ ವಾರಪತ್ರಿಕೆ ‘2000 ಎ.ಡಿ.’ ಅದೇ ಸಂಸ್ಥೆಯಿಂದ ಹೊರಬಂತು. ಆಗ ಎರಡು ಸಾವಿರದ ಇಸವಿ ಎಂದರೆ ಬಹು ದೂರದ ಮಾತು.

ಯುದ್ಧಕಥೆ ಬರೆದು ಪಳಗಿದವರೇ ಹೊಸ ಪತ್ರಿಕೆಗೂ ಬರೆದರು. ಗೆರಿ ಫಿನ್ಲೆ-ಡೇ ಅವರಲ್ಲೊಬ್ಬರು. 1979ರಲ್ಲಿ ಅವರ ‘ದಿ ವಿ.ಸಿ.ಸ್’ ಬಂತು, ವಿಯೆಟ್ನಾಂ ಯುದ್ಧದ ನೆರಳು ಬಿದ್ದ ಅಂತರಿಕ್ಷ ಸಮರದ ಕಥೆ ಅದು. ಬಳಿಕ ಚಿತ್ರಕಾರ ಡೇವ್ ಗಿಬ್ಬನ್ಸ್ ಜೊತೆ ಸೇರಿ ‘ರೋಗ್ ಟ್ರೂಪರ್’ ಸೃಷ್ಟಿಸಿದರು. ಪತ್ರಿಕೆಯ 228ನೇ ಸಂಚಿಕೆಯಲ್ಲಿ ಅದರ ಮೊದಲ ಕಂತು ಅಚ್ಚಾಯಿತು.

ಕಥೆ ನಡೆಯುವುದು ನೂ ಅರ್ಥ್ ಎಂಬ ಗ್ರಹದಲ್ಲಿ. ಕಪ್ಪುರಂಧ್ರದ ಸಮೀಪದಲ್ಲಿರುವುದರಿಂದ ಸೇನೆಗಳಿಗೆ ಅದು ಬಿಟ್ಟುಕೊಡಲಾಗದ ಜಾಗ. ನಾರ್ಟ್ಸ್ ಮತ್ತು ಸದರ್ಸ್ ಎಂಬ ಎರಡು ಪಕ್ಷಗಳು ಅದಕ್ಕಾಗಿ ಕಾದಾಡಿ, ರಾಸಾಯನಿಕ ಅಸ್ತ್ರ ಸುರಿದು ಅಲ್ಲಿನ ಗಾಳಿಯನ್ನೇ ವಿಷ ಮಾಡಿವೆ. ಮೈತುಂಬ ರಕ್ಷಾಕವಚವಿಲ್ಲದೆ ಯಾರೂ ಉಸಿರಾಡುವಂತಿಲ್ಲ. ಆದ್ದರಿಂದ ಸದರ್ಸ್ ಪಕ್ಷ ಪ್ರಯೋಗಾಲಯದಲ್ಲಿ ಹೊಸ ಬಗೆಯ ಸೈನಿಕರನ್ನು ಬೆಳೆಸುತ್ತದೆ. ಅವರದು ನೀಲಿ ಚರ್ಮ. ಆ ವಿಷ ಅವರಿಗೆ ತಟ್ಟದು. ಒಬ್ಬ ಸೇನಾನಾಯಕನ ದ್ರೋಹದಿಂದ ಅವರ ಇಡೀ ದಳ ನಾಶವಾಗಿ ಒಬ್ಬನೇ ಉಳಿಯುತ್ತಾನೆ. ದ್ರೋಹಿಯನ್ನು ಹುಡುಕಿಕೊಂಡು ಸೇನೆಯ ಅಪ್ಪಣೆ ಮೀರಿ ಹೊರಡುವ ಅವನೇ ರೋಗ್.

ಅವನು ಒಂಟಿ ನಿಜ, ಆದರೆ ಮೂವರು ಸತ್ತ ಗೆಳೆಯರು ಅವನ ಜೊತೆಗಿದ್ದಾರೆ. ಈ ಸೈನಿಕರ ವ್ಯಕ್ತಿತ್ವವೆಲ್ಲ ಒಂದು ಪುಟ್ಟ ಚಿಪ್‌ನಲ್ಲಿ ದಾಖಲಾಗಿರುತ್ತದೆ. ಸತ್ತ ಕೂಡಲೇ ಆ ಚಿಪ್ ಕಿತ್ತು ಬೇರೊಂದು ಸಲಕರಣೆಗೆ ಸಿಕ್ಕಿಸಿದರೆ ಆ ದನಿ ಉಳಿಯುತ್ತದೆ. ಹಾಗೆ ಗನ್ನಾರ್ ಅವನ ಬಂದೂಕಿನಲ್ಲಿದ್ದಾನೆ, ಹೆಲ್ಮ್ ತಲೆಯ ಹೆಲ್ಮೆಟ್ಟಿನಲ್ಲಿ, ಬ್ಯಾಗ್‌ಮನ್ ಬೆನ್ನಚೀಲದಲ್ಲಿ. ಬಂದೂಕು ಮಾತಾಡುತ್ತದೆ, ಸಿಡುಕುತ್ತದೆ. ಸೈನಿಕ ಎಂದರೆ ಸಲಕರಣೆ ಎಂದು ಬಗೆಯುವ ಸೇನೆಯ ಬಗ್ಗೆ ಇಷ್ಟು ನೇರವಾದ ಮಾತನ್ನು ಮಕ್ಕಳ ಪತ್ರಿಕೆಯೊಂದು ಆಡಿತ್ತು ಎಂಬುದು ನನಗೆ ಈಗಲೂ ಸೋಜಿಗ.

ಆ 228ನೇ ಸಂಚಿಕೆಯ ಮೇಲೆ ಅಚ್ಚಾದ ದಿನಾಂಕ 5 ಸೆಪ್ಟೆಂಬರ್ 1981. ಅಮೆರಿಕದ ಅಣ್ವಸ್ತ್ರ ಕ್ಷಿಪಣಿಗಳನ್ನು ಬ್ರಿಟನ್ನಿನಲ್ಲಿ ಇರಿಸುವುದನ್ನು ವಿರೋಧಿಸಿ ಕಾರ್ಡಿಫ್‌ನಿಂದ ನಡೆದು ಹೊರಟ ಮಹಿಳೆಯರು ಗ್ರೀನ್‌ಹ್ಯಾಮ್ ಕಾಮನ್ ವಾಯುನೆಲೆಯನ್ನು ತಲುಪಿದ್ದೂ ಅದೇ ದಿನ. ಮುಂದಿನ ಏಪ್ರಿಲ್‌ನಲ್ಲಿ ಫಾಕ್‌ಲ್ಯಾಂಡ್ಸ್ ಯುದ್ಧ ಶುರುವಾಯಿತು. ಪತ್ರಿಕೆಯ ಪುಟಗಳಲ್ಲಿ ನೀಲಿ ಸೈನಿಕ ವಾರವಾರವೂ ಹೆಣಗಳ ನಡುವೆ ನಡೆಯುತ್ತಿದ್ದಾಗ, ಓದುವ ಹುಡುಗರ ಮನೆಯ ಟೀವಿಯಲ್ಲಿ ನಿಜವಾದ ಹಡಗುಗಳು ಉರಿಯುತ್ತಿದ್ದವು.

ದಿನಕ್ಕೊಂದು ಪುಟ

ಪತ್ರಿಕೆಯಲ್ಲಿ ಒಂದು ಕಂತು ಎಂದರೆ ಸಾಮಾನ್ಯವಾಗಿ ಐದಾರು ಪುಟ. ವಾರವಾರವೂ ತಪ್ಪದೆ ಬರಬೇಕು. ಅಂದರೆ ಚಿತ್ರಕಾರರಿಗೆ ಹೆಚ್ಚುಕಡಿಮೆ ದಿನಕ್ಕೊಂದು ಪುಟದ ಲೆಕ್ಕ. ಅಷ್ಟರಲ್ಲಿ ಒಂದು ಇಡೀ ಗ್ರಹವನ್ನು, ಅದರ ವಾಹನಗಳನ್ನು, ಸಾಯುವ ಸೈನಿಕರ ಮುಖಗಳನ್ನು ಬರೆಯಬೇಕು.

ಮೊದಲು ಟೈಪ್ ಮಾಡಿದ ಕಥಾಪಠ ಬರುತ್ತದೆ. ಯಾವ ಚೌಕದಲ್ಲಿ ಏನು ನಡೆಯಬೇಕು, ಯಾರು ಏನು ಮಾತಾಡಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಚಿತ್ರಕಾರ ರಟ್ಟಿನ ಮೇಲೆ ಪುಟವನ್ನು ಚೌಕಗಳಾಗಿ ಒಡೆದು, ಮಾತಿನ ಗುಳ್ಳೆಗಳಿಗೆ ಜಾಗ ಬಿಟ್ಟು, ಪೆನ್ಸಿಲ್ಲಿನಲ್ಲಿ ಚಿತ್ರ ಕಟ್ಟುತ್ತಾನೆ. ಈ ಹಾಳೆ ಅಚ್ಚಾಗುವ ಪುಟಕ್ಕಿಂತ ದೊಡ್ಡದು. ಅಮೆರಿಕದಲ್ಲಿ 1960ರ ದಶಕದ ಕೊನೆಯಿಂದ 11 ಇಂಚು ಅಗಲ, 17 ಇಂಚು ಉದ್ದದ ರಟ್ಟಿನ ಮೇಲೆ 10 ಇಂಚು ಅಗಲ, 15 ಇಂಚು ಉದ್ದದ ಚಿತ್ರ ಬರೆಯುವುದು ರೂಢಿಯಾಯಿತು. ದೊಡ್ಡದಾಗಿ ಬರೆದು ಕಿರಿದು ಮಾಡಿ ಅಚ್ಚು ಹಾಕಿದಾಗ ಗೆರೆ ಬಿಗಿಯಾಗುತ್ತದೆ, ಕೈಯ ಸಣ್ಣ ನಡುಕ ಅಡಗುತ್ತದೆ. ಮೂಲಹಾಳೆಯನ್ನು ಮೊದಲ ಸಲ ಕಂಡವರು ಅದರ ಗಾತ್ರಕ್ಕೇ ಬೆರಗಾಗುವುದು ಇದರಿಂದ.

ಆಮೇಲೆ ಮಸಿ. ಪೆನ್ಸಿಲ್ ತಪ್ಪಿದರೆ ಅಳಿಸಬಹುದು, ಮಸಿ ಹಾಗಲ್ಲ. ಲೋಹದ ನಿಬ್ಬನ್ನು ದೌತಿಯಲ್ಲಿ ಅದ್ದಿ ಎಳೆದರೆ ಒತ್ತಡಕ್ಕೆ ತಕ್ಕಂತೆ ಅದರ ಸೀಳು ತೆರೆದುಕೊಳ್ಳುತ್ತದೆ. ಮೆಲ್ಲಗೆ ಎಳೆದರೆ ಕೂದಲೆಳೆ, ಒತ್ತಿದರೆ ದಪ್ಪ ಗೆರೆ. ಕುಂಚ ಇನ್ನೂ ಸೂಕ್ಷ್ಮ. ಸೈಬೀರಿಯದ ಕೊಲಿನ್‌ಸ್ಕಿ ಎಂಬ ಸಣ್ಣ ಪ್ರಾಣಿಯ ಬಾಲದ ಕೂದಲಿನಿಂದ ಮಾಡಿದ ಕುಂಚ ಹೊಟ್ಟೆಯಲ್ಲಿ ಬೇಕಷ್ಟು ಮಸಿ ಹಿಡಿದಿಟ್ಟುಕೊಂಡೂ ತುದಿಯಲ್ಲಿ ಸೂಜಿಯಂತಿರುತ್ತದೆ. ವಿನ್ಸರ್ ಅಂಡ್ ನ್ಯೂಟನ್ ಕಂಪನಿಯ ‘ಸೀರೀಸ್ 7’ ಕುಂಚಗಳು ಕಾಮಿಕ್ಸ್ ಕಲಾವಿದರ ನಡುವೆ ಹೆಸರುವಾಸಿ. ಅವುಗಳ ಹುಟ್ಟು 1866ರಲ್ಲಿ, ವಿಕ್ಟೋರಿಯಾ ರಾಣಿಯ ಅಪ್ಪಣೆಯ ಮೇರೆಗೆ. ರಾಣಿಯ ಜಲವರ್ಣಕ್ಕೆಂದು ಹುಟ್ಟಿದ ಕುಂಚ ಮುಂದೆ ರಣರಂಗದ ಹೊಗೆ ಬರೆಯಲು ಒದಗಿತು.

ಈ ಮಸಿಗೆ ಬ್ರಿಟನ್ನಿನವರು ಕೊಟ್ಟ ಹೆಸರು ‘ಇಂಡಿಯನ್ ಇಂಕ್’. ಮೂಲ ಚೀನಾದ್ದು, ಭಾರತದ ಮೂಲಕ ನಡೆದ ವ್ಯಾಪಾರದಿಂದಾಗಿ ನಮ್ಮ ದೇಶದ ಹೆಸರು ಅಂಟಿಕೊಂಡಿತು. ಒಳಗಿರುವುದು ದೀಪದ ಮಸಿಯಂಥ ಇಂಗಾಲ, ಅದಕ್ಕೊಂದು ಅಂಟು. ನಮ್ಮ ಹಿರಿಯರು ತಾಳೆಗರಿಯ ಮೇಲೆ ಕಂಟದಿಂದ ಅಕ್ಷರ ಕೊರೆದು ಮೇಲೆ ಸವರುತ್ತಿದ್ದದ್ದೂ ಇಂಗಾಲವನ್ನೇ. ಹುಣಿಸೆಬೀಜದ ಅಂಟಿಗೆ ಇದ್ದಿಲು ಕಲಸಿ ಬಟ್ಟೆಗೆ ಬಳಿದು ಬಳಪದಲ್ಲಿ ಬರೆಯುತ್ತಿದ್ದ ಕಡತದ ಕಪ್ಪೂ ಅದೇ. ಇಂಗಾಲ ಬಿಸಿಲಿಗೆ ಮಾಸುವುದಿಲ್ಲ. ಶತಮಾನಗಳ ಹಿಂದಿನ ಓಲೆಗಳನ್ನು ನಾವು ಓದಲು ಸಾಧ್ಯವಾಗಿರುವುದು ಈ ಗುಣದಿಂದಲೂ ಹೌದು.

ತಪ್ಪಾದರೆ ತಿದ್ದಲು ಬಿಳಿ ಬಣ್ಣ ಉಂಟು, ಬ್ಲೇಡೂ ಉಂಟು. ಬ್ರಿಟನ್ನಿನ ಅನೇಕರು ಸಿಎಸ್10 ಎಂಬ ರಟ್ಟನ್ನು ಇಷ್ಟಪಡುತ್ತಿದ್ದರು. ಅದರ ಮೇಲ್ಮೈಗೆ ನುಣುಪಾದ ಲೇಪವಿರುತ್ತಿತ್ತು. ಒಣಗಿದ ಮಸಿಯನ್ನು ಹರಿತವಾದ ಅಲಗಿನಿಂದ ಕೆರೆದು ತೆಗೆಯಬಹುದಿತ್ತು. ತಿದ್ದಲು ಹೊರಟ ಉಪಾಯವೇ ಚಿತ್ರಿಸುವ ವಿಧಾನವೂ ಆಯಿತು. ಕಪ್ಪು ಆಕಾಶವನ್ನು ಕೆರೆದರೆ ಮಳೆ, ಮಿಂಚು, ಗುಂಡಿನ ಜಾಡು. ಹಲ್ಲುಜ್ಜುವ ಬ್ರಷ್ಷಿಗೆ ಬಿಳಿ ಅಥವಾ ಕಪ್ಪು ಹಚ್ಚಿ ಹೆಬ್ಬೆರಳಿನಿಂದ ಚಿಮ್ಮಿಸಿದರೆ ನಕ್ಷತ್ರ, ಕೆಸರು, ಸ್ಫೋಟದ ಚೂರು. ಯುದ್ಧದ ದೃಶ್ಯಕ್ಕೆ ಈ ಒರಟು ಕೆಲಸ ಬಹಳ ಹೊಂದುತ್ತದೆ.

ಬೂದು ಬಣ್ಣ ಕಾಣದ ಕ್ಯಾಮೆರಾ

ಇಷ್ಟೆಲ್ಲ ಮಸಿಯೇ ಏಕೆ, ಪೆನ್ಸಿಲ್ ಚಿತ್ರವನ್ನೇ ಅಚ್ಚು ಹಾಕಬಹುದಿತ್ತಲ್ಲ ಎಂದು ಕೇಳಬಹುದು. ಉತ್ತರ ಮುದ್ರಣಾಲಯದಲ್ಲಿದೆ.

ಮೂಲಹಾಳೆಯನ್ನು ದೊಡ್ಡ ಕ್ಯಾಮೆರಾದ ಎದುರು ಚಪ್ಪಟೆಯಾಗಿ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು. ಗೆರೆಚಿತ್ರಕ್ಕೆ ಬಳಸುತ್ತಿದ್ದ ಫಿಲ್ಮಿಗೆ ಗೊತ್ತಿದ್ದುದು ಎರಡೇ, ಕಪ್ಪು ಮತ್ತು ಬಿಳಿ. ಪೆನ್ಸಿಲ್ಲಿನ ಬೂದು ಗೆರೆ ಅಲ್ಲಿ ಒಂದೋ ಮಾಯವಾಗುತ್ತದೆ, ಇಲ್ಲವೇ ಒಡೆದು ಚೂರಾಗುತ್ತದೆ. ಹೀಗಾಗಿ ಗಟ್ಟಿ ಕಪ್ಪು ಬೇಕೇ ಬೇಕು. ಆ ಫಿಲ್ಮು ತಿಳಿನೀಲಿಯನ್ನು ಬಿಳಿಯೆಂದೇ ಗ್ರಹಿಸುತ್ತಿತ್ತು. ಸಂಪಾದಕರೂ ಚಿತ್ರಕಾರರೂ ತಮ್ಮ ಟಿಪ್ಪಣಿಗಳನ್ನು ನೀಲಿ ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದುದು ಆ ಕಾರಣಕ್ಕೆ. ಅಚ್ಚಿನಲ್ಲಿ ಮಾಯವಾದ ಆ ಮಾತುಕತೆ ಮೂಲಹಾಳೆಯಲ್ಲಿ ಹಾಗೇ ಉಳಿದಿದೆ.

ಬೂದು ಬೇಕಾದರೆ ಕಣ್ಣಿಗೆ ಮಂಕುಬೂದಿ ಎರಚಬೇಕು. ಗೆರೆಗಳನ್ನು ಒತ್ತೊತ್ತಾಗಿ, ಒಂದರ ಮೇಲೊಂದು ಅಡ್ಡಡ್ಡಲಾಗಿ ಹೆಣೆದರೆ ದೂರದಿಂದ ನೆರಳಾಗಿ ಕಾಣುತ್ತದೆ. ಸಣ್ಣ ಚುಕ್ಕೆಗಳಿರುವ ಅಂಟುಹಾಳೆಯನ್ನು ಬೇಕಾದ ಆಕಾರಕ್ಕೆ ಕತ್ತರಿಸಿ ಅಂಟಿಸಿದರೂ ಆಗುತ್ತಿತ್ತು. ಆದರೆ ನ್ಯೂಸ್‌ಪ್ರಿಂಟ್ ಮಸಿ ಹೀರುವ ಕಾಗದ, ಅದರ ಮೇಲೆ ಗೆರೆ ಹರಡುತ್ತದೆ. ತೀರ ಒತ್ತಾಗಿ ಹೆಣೆದರೆ ಅಚ್ಚಿನಲ್ಲಿ ಎಲ್ಲವೂ ಕಲಸಿ ಒಂದೇ ಕಪ್ಪು ಮಡ್ಡಿ. ಎಷ್ಟು ಬಿಳಿ ಬಿಡಬೇಕೆಂಬ ಅಂದಾಜು ಅನುಭವದಿಂದ ಮಾತ್ರ ಬರುವಂಥದ್ದು.

ಇನ್ನೊಂದು ತೊಡಕು: ಕಥಾನಾಯಕನ ಮೈಬಣ್ಣ ನೀಲಿ, ಒಳಪುಟಗಳು ಹೆಚ್ಚಾಗಿ ಕಪ್ಪು–ಬಿಳುಪು. ಮುಖಪುಟದಂಥ ಬಣ್ಣದ ಪುಟಗಳಲ್ಲಿ ಮಾತ್ರ ಆ ನೀಲಿ ಕಣ್ಣಿಗೆ ಬೀಳುತ್ತಿತ್ತು. ಒಳಗೆ ಓದುಗರೇ ಅದನ್ನು ಮನಸ್ಸಿನಲ್ಲಿ ತುಂಬಿಕೊಳ್ಳಬೇಕು. ಚಿತ್ರಕಾರರು ಚರ್ಮವನ್ನು ಬಿಳಿಯಾಗಿ ಬಿಟ್ಟು, ಸ್ನಾಯುಗಳ ಕೆಳಗೆ ಗಾಢ ನೆರಳು ಸುರಿದು ಅವನ ಮೈಯನ್ನು ಉಳಿದವರ ಕವಚಗಳಿಂದ ಬೇರೆಯಾಗಿ ತೋರಿಸುತ್ತಿದ್ದರು. ಮುಖವಾಡ ತೊಟ್ಟ ನೂರು ಸೈನಿಕರ ನಡುವೆ ಬರಿಮೈಯವನು ಒಬ್ಬನೇ. ಬಣ್ಣವಿಲ್ಲದೆಯೂ ಕಣ್ಣು ಮೊದಲು ಅವನತ್ತ ಹೋಗುತ್ತದೆ.

ಒಬ್ಬನೇ ಸೈನಿಕ, ಹಲವು ಕೈ

ಅಮೆರಿಕದಲ್ಲಿ ಪೆನ್ಸಿಲ್ ಒಬ್ಬರದು, ಮಸಿ ಇನ್ನೊಬ್ಬರದು ಆಗಿರುವುದು ಸಾಮಾನ್ಯ. ಬ್ರಿಟನ್ನಿನಲ್ಲಿ ಬಹುತೇಕ ಎರಡೂ ಒಂದೇ ಕೈಯ ಕೆಲಸ. ಈ ರೂಢಿಗೆ ಹೊರತಾದವೂ ಇವೆ. ‘2000 ಎ.ಡಿ.’ಯ 500ನೇ ಸಂಚಿಕೆಯಲ್ಲಿ 1986ರಲ್ಲಿ ಶುರುವಾದ ‘ಬ್ಯಾಡ್ ಕಂಪನಿ’ ಎಂಬ ಇನ್ನೊಂದು ಯುದ್ಧಕಥೆಗೆ ಬ್ರೆಟ್ ಯುವಿನ್ಸ್ ಪೆನ್ಸಿಲ್ ಹಿಡಿದರೆ ಜಿಮ್ ಮೆಕಾರ್ಥಿ ಮಸಿ ಹಚ್ಚಿದರು. ಆದರೂ ಬ್ರಿಟಿಷ್ ಮೂಲಹಾಳೆಯಲ್ಲಿ ನೀವು ಕಾಣುವ ಪ್ರತಿ ಗೆರೆಯೂ ಸಾಮಾನ್ಯವಾಗಿ ಒಬ್ಬರ ನಿರ್ಧಾರ.

ಗಿಬ್ಬನ್ಸ್ ಕಟ್ಟಡಗಳ ಸರ್ವೇಯರ್ ಆಗಿ ತರಬೇತಾದವರು. ಅವರ ಪುಟಗಳಲ್ಲಿ ಎಲ್ಲ ವಸ್ತುವಿಗೂ ತೂಕ, ಅಳತೆ, ನಿಲ್ಲುವ ಜಾಗ ಇದೆ. ಬಂದೂಕಿನ ಯಾವ ಭಾಗ ಎಲ್ಲಿ ಮಡಚುತ್ತದೆ ಎಂದು ಅವರ ಚಿತ್ರ ನೋಡಿ ಹೇಳಬಹುದು. ಮಾತಿನ ಗುಳ್ಳೆಗಳೊಳಗಿನ ಅಕ್ಷರಗಳನ್ನೂ ಅವರು ಹಲವು ಸಲ ತಾವೇ ಬರೆಯುತ್ತಿದ್ದರು. ಮುಂದೆ 1986ರಲ್ಲಿ ಅಲನ್ ಮೂರ್ ಬರೆದ ‘ವಾಚ್‌ಮೆನ್’ ಕಥೆಯನ್ನು ಚಿತ್ರಿಸುವಾಗ ಅವರು ಒತ್ತಡಕ್ಕೆ ಬಾಗದ ಗಡಸು ನಿಬ್ಬನ್ನೇ ಆರಿಸಿಕೊಂಡರು.

ಅವರ ನಂತರ ಬಂದವರಲ್ಲಿ ಕಾಲಿನ್ ವಿಲ್ಸನ್ ನ್ಯೂಜಿಲೆಂಡಿನವರು. ಹಾಳುಬಿದ್ದ ನಗರಗಳನ್ನು, ತುಕ್ಕು ಹಿಡಿದ ಯಂತ್ರಗಳನ್ನು ಅವರು ದಣಿವಿಲ್ಲದೆ ಬರೆದರು. ಮುಂದೆ ಫ್ರೆಂಚ್ ಕಾಮಿಕ್ಸ್‌ನಲ್ಲಿ ‘ಬ್ಲೂಬೆರಿ’ ಎಂಬ ಪಾತ್ರದ ಯೌವನದ ಕಥೆಗಳನ್ನು ಚಿತ್ರಿಸಲು ಹೋದರು. ಸ್ಕಾಟ್ಲೆಂಡಿನ ಕ್ಯಾಮ್ ಕೆನಡಿ ‘ಕಮಾಂಡೋ’ ಮತ್ತು ‘ಬ್ಯಾಟಲ್’ಗಳಲ್ಲಿ ಪಳಗಿದ ಕೈ. ನನ್ನ ಕಣ್ಣಿಗೆ ಈ ಕಥೆಯ ಅತ್ಯುತ್ತಮ ಮಸಿ ಅವರದೇ. ಅವರ ಗೆರೆ ಒಣಗಿದ್ದು, ಚೂಪಾದದ್ದು, ಗಾಳಿಗೆ ಹರಿದದ್ದು. ಬಟ್ಟೆ ಹರಿದಿರುವ ರೀತಿಯಲ್ಲೇ ಸೈನಿಕ ಎಷ್ಟು ದಿನದಿಂದ ನಡೆಯುತ್ತಿದ್ದಾನೆಂದು ತಿಳಿಯುತ್ತದೆ. ಗಿಬ್ಬನ್ಸ್ ಕಟ್ಟಿದ ಲೋಕವನ್ನು ಕೆನಡಿ ಸವೆಸಿದರು; ಯುದ್ಧಕ್ಕೆ ಎರಡೂ ಬೇಕಿತ್ತು.

‘2000 ಎ.ಡಿ.’ಯಲ್ಲೇ 1986ರಲ್ಲಿ ಬಂದ ‘ಹೇಲೋ ಜೋನ್ಸ್’ ಕಥೆಯ ಮೂರನೇ ಭಾಗವನ್ನೂ ಇಲ್ಲಿ ನೆನೆಯಲೇಬೇಕು. ಅಲನ್ ಮೂರ್ ಬರೆದ, ಇಯಾನ್ ಗಿಬ್ಸನ್ ಚಿತ್ರಿಸಿದ ಕಥೆ ಅದು. ಕೆಲಸ ಸಿಗದ ಹೆಣ್ಣೊಬ್ಬಳು ಸೇನೆ ಸೇರಿ ಮೋಅಬ್ ಎಂಬ ಗ್ರಹದಲ್ಲಿ ಕಾದಾಡುತ್ತಾಳೆ. ಅಲ್ಲಿ ಗುರುತ್ವಾಕರ್ಷಣೆ ಎಷ್ಟೆಂದರೆ ಕಾಲವೇ ನಿಧಾನ. ರಣರಂಗದಲ್ಲಿ ಕೆಲವು ನಿಮಿಷ ಕಳೆದು ಬರುವಷ್ಟರಲ್ಲಿ ಹೊರಗಿನ ಲೋಕ ಬಹಳ ಮುಂದೆ ಹೋಗಿರುತ್ತದೆ. ಯುದ್ಧಕ್ಕೆ ಹೋಗಿ ಬಂದವರು ಊರಿನ ಕಾಲಕ್ಕೆ ಹೊಂದಿಕೊಳ್ಳಲಾರದ ನೋವನ್ನು ವಿಜ್ಞಾನದ ಕಲ್ಪನೆಯಿಂದ ಹೀಗೆ ಮುಟ್ಟಿದ್ದು ದೊಡ್ಡ ಸಾಧನೆ.

ಕೆಲಸ ಮುಗಿದ ರಟ್ಟು

ಇಷ್ಟು ಶ್ರಮದಿಂದ ಹುಟ್ಟಿದ ಹಾಳೆಗೆ ಪ್ರಕಾಶಕರ ಕಣ್ಣಲ್ಲಿ ಬೆಲೆ ಇದ್ದದ್ದು ಫೋಟೋ ತೆಗೆಯುವವರೆಗೆ ಮಾತ್ರ. ಫಿಲ್ಮು ಸಿದ್ಧವಾದ ಮೇಲೆ ರಟ್ಟು ಗೋದಾಮಿಗೆ ಹೋಗುತ್ತಿತ್ತು, ಅಲ್ಲಿಂದ ಎಲ್ಲಿಗೆಂಬ ಖಾತ್ರಿ ಇರಲಿಲ್ಲ. ಬ್ರಿಟನ್ನಿನ ಹಳೆಯ ಕಾಮಿಕ್ಸ್ ಕಚೇರಿಗಳಲ್ಲಿ ಮೂಲಹಾಳೆಗಳನ್ನು ಕೆಳಗಿಟ್ಟು ಅದರ ಮೇಲೆ ಬೇರೆ ಕಾಗದ ಕತ್ತರಿಸುತ್ತಿದ್ದರು, ಸೋರಿದ ನೀರು ಹೀರಲು ನೆಲಕ್ಕೆ ಹಾಸುತ್ತಿದ್ದರು ಎಂಬ ಮಾತು ಆ ವೃತ್ತಿಯವರಲ್ಲಿ ಇಂದಿಗೂ ಸಂಕಟದಿಂದ ಬರುತ್ತದೆ. ಹಾಳೆ ಸಂಸ್ಥೆಯ ಸ್ವತ್ತೆಂದು ಬಗೆದು ಅದನ್ನು ಬರೆದವರಿಗೆ ಹಿಂತಿರುಗಿಸುವ ಪದ್ಧತಿಯೇ ಬಹುಕಾಲ ಇರಲಿಲ್ಲ.

ಹೆಸರಿಗೂ ಅದೇ ಗತಿ. ಚಿತ್ರಕಾರ ಮೂಲೆಯಲ್ಲಿ ಸಹಿ ಹಾಕಿದರೆ ಅದರ ಮೇಲೆ ಬಿಳಿ ಬಳಿಯುವುದಿತ್ತು. ಯಾರು ಬರೆದರು, ಯಾರು ಚಿತ್ರಿಸಿದರು ಎಂದು ಕಥೆಯ ಜೊತೆಯಲ್ಲೇ ಅಚ್ಚು ಹಾಕುವ ಪುಟ್ಟ ಚೌಕವನ್ನು ‘2000 ಎ.ಡಿ.’ಗೆ 1977ರಲ್ಲಿ ತಂದವರು ಅಲ್ಲಿಯೇ ಕೆಲಸ ಮಾಡುತ್ತಿದ್ದ ಚಿತ್ರಕಾರ ಕೆವಿನ್ ಓನೀಲ್. ನೋಡಲು ಸಣ್ಣ ಚೌಕ. ಆದರೆ ಓದುಗರು ಗೆರೆ ನೋಡಿ ಹೆಸರು ಹೇಳಲು ಕಲಿತದ್ದು ಅದರಿಂದ. ಇಂದು ಇಂಥವರ ಹಾಳೆ ಬೇಕೆಂದು ಜನ ಹುಡುಕುತ್ತಿರುವುದೂ ಅದರ ಫಲ.

ನೀಲಿ ಸೈನಿಕನ ಕಥೆಯನ್ನು ಈ ಹಾಳೆಗಳ ಪಕ್ಕದಲ್ಲಿಟ್ಟು ಓದಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅಲ್ಲಿನ ಸೇನೆಗೆ ಬೇಕಾದದ್ದು ಚಿಪ್. ದೇಹ ಬಿದ್ದಲ್ಲೇ ಬಿದ್ದಿರಲಿ. ಇಲ್ಲಿ ಬೇಕಾದದ್ದು ಫಿಲ್ಮು.

ಅಮೆರಿಕದಲ್ಲಿ ಈ ಜಗಳ ಬೀದಿಗೆ ಬಂತು. ಮಾರ್ವೆಲ್ ಸಂಸ್ಥೆಯ ಅನೇಕ ಪಾತ್ರಗಳ ಸೃಷ್ಟಿಯಲ್ಲಿ ಕೈಯಿದ್ದ ಜ್ಯಾಕ್ ಕರ್ಬಿ ಅಲ್ಲಿಗಾಗಿ ಬರೆದ ಪುಟಗಳು ಹತ್ತು ಸಾವಿರಕ್ಕೂ ಹೆಚ್ಚೆಂದು ಅಂದಾಜು. ಅವುಗಳಿಗಾಗಿ 1980ರ ದಶಕದಲ್ಲಿ ಅವರು ಹೋರಾಡಬೇಕಾಯಿತು. ಸಹ ಕಲಾವಿದರು ಬೆಂಬಲಕ್ಕೆ ನಿಂತರು. ಕೊನೆಗೆ 1987ರಲ್ಲಿ ಅವರ ಕೈಸೇರಿದ್ದು ಎರಡು ಸಾವಿರದಷ್ಟು ಪುಟ. ಇದಕ್ಕೆ ತೀರ ಬೇರೆಯಾಗಿ ನಡೆದುಕೊಂಡವರು ಇಸಿ ಕಾಮಿಕ್ಸ್‌ನ ಪ್ರಕಾಶಕ ವಿಲಿಯಂ ಗೇನ್ಸ್. 1950ರ ದಶಕದಲ್ಲಿ ತಮ್ಮ ವೈಜ್ಞಾನಿಕ ಹಾಗೂ ಯುದ್ಧ ಪತ್ರಿಕೆಗಳಿಗೆ ಬಂದ ಮೂಲಹಾಳೆಗಳನ್ನು ಅವರು ಜೋಪಾನವಾಗಿ ತೆಗೆದಿಟ್ಟರು. ಅಲ್ಲಿನ ಚಿತ್ರಕಾರ ವಾಲಿ ವುಡ್ ಅವರ ಗಗನನೌಕೆಗಳ ಒಳಾಂಗಣವನ್ನು ಇಂದು ಮೂಲದಲ್ಲೇ ಕಾಣಬಹುದಾದರೆ ಆ ಒಬ್ಬರ ಎಚ್ಚರಕ್ಕೆ ಋಣಿಯಾಗಿರಬೇಕು.

ಬ್ರಿಟನ್ನಿನಲ್ಲೂ ಕ್ರಮೇಣ ಹಾಳೆಗಳು ಬರೆದವರ ಮನೆಗೆ ಮರಳತೊಡಗಿದವು. ಕೆಲವರು ಮಾರಿದರು, ಕೆಲವರು ಗೆಳೆಯರಿಗೆ ಕೊಟ್ಟರು. ಲಂಡನ್ನಿನ ಕಾರ್ಟೂನ್ ಮ್ಯೂಸಿಯಮ್ಮಿನಲ್ಲಿ ಇಂಥ ಮೂಲಚಿತ್ರಗಳು ಪ್ರದರ್ಶನಗೊಳ್ಳುತ್ತವೆ. ಅಷ್ಟು ದೂರ ಹೋಗಲಾಗದವರು ಬೆಂಗಳೂರಿನ ಟ್ರಿನಿಟಿ ವೃತ್ತದ ಬಳಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಕಾರ್ಟೂನಿಸ್ಟ್ಸ್ ನಡೆಸುವ ಗ್ಯಾಲರಿಗೆ ಹೋಗಿ ಬನ್ನಿ. ಅಲ್ಲಿರುವುದು ವ್ಯಂಗ್ಯಚಿತ್ರ, ಯುದ್ಧಕಥೆಯಲ್ಲ. ಆದರೂ ಪತ್ರಿಕೆಯಲ್ಲಿ ಕಂಡ ಗೆರೆಗೂ ಕಾಗದದ ಮೇಲೆ ನಿಜವಾಗಿ ಹರಿದ ಗೆರೆಗೂ ಇರುವ ಅಂತರ ಗೊತ್ತಾಗುತ್ತದೆ.

ಹಾಳೆ ಕೊಂಡರೆ ಚಿತ್ರ ನಿಮ್ಮದಲ್ಲ

ಕೊಳ್ಳುವವರು ತಿಳಿದಿರಬೇಕಾದ ಒಂದು ಮಾತಿದೆ. ಮೂಲಹಾಳೆ ಕೊಂಡರೆ ಆ ರಟ್ಟು, ಆ ಮಸಿ ನಿಮ್ಮದು. ಗೋಡೆಗೆ ತೂಗಿಹಾಕಬಹುದು, ಮಾರಬಹುದು. ಅದನ್ನು ಅಚ್ಚು ಹಾಕಿಸಿ ಮಾರುವ ಹಕ್ಕು ಬರುವುದಿಲ್ಲ. ಹಕ್ಕುಸ್ವಾಮ್ಯ ಬೇರೆಯೇ ಸ್ವತ್ತು. ‘2000 ಎ.ಡಿ.’ ಪತ್ರಿಕೆ 2000ನೇ ಇಸವಿಯಲ್ಲಿ ಆಕ್ಸ್‌ಫರ್ಡಿನ ರೆಬೆಲಿಯನ್ ಸಂಸ್ಥೆಯ ಕೈಗೆ ಬಂತು. ನೀಲಿ ಸೈನಿಕನ ಮೇಲೆ ಅದು 2006ರಲ್ಲಿ ವಿಡಿಯೋ ಗೇಮ್ ತಂದಿತು. ಹಾಳೆ ಯಾರ ಮನೆಯಲ್ಲಿದ್ದರೂ ಪಾತ್ರ ಸಂಸ್ಥೆಯದು.

ಬೆಲೆ ಎಲ್ಲಿಗೆ ಏರಬಹುದೆಂಬುದಕ್ಕೆ ಅಮೆರಿಕದ ಒಂದು ಲೆಕ್ಕ ಸಾಕು. 1984ರ ‘ಸೀಕ್ರೆಟ್ ವಾರ್ಸ್’ ಮಾಲಿಕೆಯ 8ನೇ ಸಂಚಿಕೆಗೆ ಮೈಕ್ ಝೆಕ್ ಬರೆದ ಒಂದು ಒಳಪುಟ, ಸ್ಪೈಡರ್‌ಮ್ಯಾನ್ ಕಪ್ಪು ಉಡುಪು ತೊಡುವ ಪುಟ, 2022ರ ಜನವರಿಯಲ್ಲಿ 33.6 ಲಕ್ಷ ಡಾಲರಿಗೆ ಹರಾಜಾಯಿತು. ಬ್ರಿಟಿಷ್ ಯುದ್ಧಕಥೆಯ ಹಾಳೆಗಳು ಆ ಎತ್ತರದಲ್ಲಿಲ್ಲ. ಮರುಮಾರಾಟದ ಹಣದಲ್ಲಿ ಬರೆದವರಿಗೂ ಪಾಲಿರಬೇಕೆಂಬ ನ್ಯಾಯ ನಿಧಾನವಾಗಿ ಕಾನೂನಾಗಿದೆ. ಬ್ರಿಟನ್ನಿನಲ್ಲಿ 2006ರಿಂದ ಕಲಾವಿದರಿಗೆ ಆ ಹಕ್ಕಿದೆ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಗೂ 1994ರ ತಿದ್ದುಪಡಿಯಲ್ಲಿ 53ಎ ಕಲಮು ಸೇರಿತು. ಹತ್ತು ಸಾವಿರ ರೂಪಾಯಿ ಮೀರಿದ ಮರುಮಾರಾಟದಲ್ಲಿ ಮೂಲ ಚಿತ್ರಕಾರರಿಗೆ ಪಾಲು ಕೇಳಲು ಅದು ಅವಕಾಶ ಕೊಡುತ್ತದೆ. ನಮ್ಮ ಚಿತ್ರಕಾರರಲ್ಲಿ ಎಷ್ಟೋ ಮಂದಿಗೆ ಈ ಕಲಮಿನ ಅರಿವಿಲ್ಲದಿರುವುದು ಬೇಸರದ ಸಂಗತಿ.

ಇನ್ನು ಮುಂದೆ ಇಂಥ ಹಾಳೆಗಳೇ ವಿರಳ. 1989ರಲ್ಲಿ ಗಿಬ್ಬನ್ಸ್ ‘ರೋಗ್ ಟ್ರೂಪರ್’ ಸರಣಿಗೆ ಹೊಸದಾಗಿ ಬರೆದುಕೊಟ್ಟ ‘ದಿ ವಾರ್ ಮಷೀನ್’ ಕಥೆಯನ್ನು ವಿಲ್ ಸಿಂಪ್ಸನ್ ಪೂರ್ತಿ ಬಣ್ಣದಲ್ಲೇ ಚಿತ್ರಿಸಿದರು. ಮಸಿಯ ಗೆರೆ ಅಲ್ಲೇ ಹಿಂದೆ ಸರಿದಿತ್ತು. ಆಮೇಲೆ ಅಕ್ಷರ ಕಂಪ್ಯೂಟರಿಗೆ ಹೋಯಿತು, ಬಣ್ಣವೂ ಅಲ್ಲಿಗೇ ಹೋಯಿತು, ಈಗ ಹಲವರಿಗೆ ಗೆರೆಯೂ ಗಾಜಿನ ಪರದೆಯ ಮೇಲೆಯೇ. ತಿದ್ದಿದ ಗುರುತು ಉಳಿಯದಂತೆ ತಿದ್ದಬಹುದು. ಬೆಳಕಿಗೆ ಓರೆಯಾಗಿ ಹಿಡಿದು ನೋಡುವಂಥದ್ದು ಅಲ್ಲಿ ಏನೂ ಇಲ್ಲ.

ಮೊದಲು ಸೋಲುವುದು ಅಂಟು

ಉಳಿದಿರುವ ಹಾಳೆಗಳ ಮೇಲೂ ಕಾಲ ಕೆಲಸ ಮಾಡುತ್ತಿದೆ. ಇಂಗಾಲದ ಮಸಿ ಗಟ್ಟಿ. ಅವಸರದಲ್ಲಿ ಮಾರ್ಕರ್ ಪೆನ್ನಿನಿಂದ ತುಂಬಿದ ಕಪ್ಪು ಮಾತ್ರ ಕೆಲವೇ ವರ್ಷಗಳಲ್ಲಿ ಕಂದು ತಿರುಗುತ್ತದೆ. ಒಂದೇ ಚೌಕದಲ್ಲಿ ಗೆರೆ ಕಪ್ಪಾಗಿಯೂ ಆಕಾಶ ಕಂದಾಗಿಯೂ ಕಂಡರೆ ಯಾವುದು ಕುಂಚ, ಯಾವುದು ಮಾರ್ಕರ್ ಎಂದು ಕೂಡಲೇ ಗೊತ್ತಾಗುತ್ತದೆ. ಚುಕ್ಕೆಗಳ ಅಂಟುಹಾಳೆ ಕುಗ್ಗಿ ಅಂಚಿನಲ್ಲಿ ಮೇಲೇಳುತ್ತದೆ. ದಪ್ಪಗೆ ಬಳಿದ ಬಿಳಿ ಬಿರುಕು ಬಿಟ್ಟು ಉದುರುತ್ತದೆ. ಆಮ್ಲ ತುಂಬಿದ ರಟ್ಟು ಹಳದಿಯಾಗುತ್ತದೆ. ಬಿಸಿಲು ತಾಗದ ಗೋಡೆ, ಆಮ್ಲವಿಲ್ಲದ ಹಿಂಬದಿ ಕಾಗದ, ತೇವವಿಲ್ಲದ ಕೋಣೆ: ಇವಿದ್ದರೆ ಬಹುಪಾಲು ಹಾನಿ ತಡೆಯಬಹುದು.

ಎಲ್ಲಕ್ಕಿಂತ ಮೊದಲು ಕೈಕೊಡುವುದು ಅಂಟು. ರಬ್ಬರ್ ಅಂಟು ಒಣಗಿ ಪುಡಿಯಾಗಿ, ಚಹಾದ ಕಲೆಯಂಥ ಗುರುತು ಬಿಟ್ಟು, ಅಂಟಿಸಿದ ಮಾತಿನ ಗುಳ್ಳೆಗಳನ್ನು ಒಂದೊಂದಾಗಿ ಬಿಟ್ಟುಕೊಡುತ್ತದೆ. ಹೊದಿಕೆಯಿಂದ ಹಾಳೆ ಎಳೆದಾಗ ಅವು ತಳದಲ್ಲಿ ತರಗೆಲೆಯಂತೆ ಬಿದ್ದಿರುತ್ತವೆ. ಗುಳ್ಳೆ ಇದ್ದ ಜಾಗದಲ್ಲಿ ಬರಿ ರಟ್ಟು. ಅಲ್ಲಿ ಚಿತ್ರ ಬರೆದಿರುವುದೇ ಇಲ್ಲ.

ಬೇರೆ ಕಥೆಗಳಲ್ಲಿ ಇದರಿಂದ ಹೋಗುವುದು ಮಾತು ಮಾತ್ರ, ಮುಖಗಳು ಉಳಿಯುತ್ತವೆ. ಗನ್ನಾರ್‌ಗೆ, ಹೆಲ್ಮ್‌ಗೆ, ಬ್ಯಾಗ್‌ಮನ್‌ಗೆ ಮುಖವಿಲ್ಲ. ಕಥೆಯಲ್ಲಿ ಅವರು ಬದುಕಿರುವುದು ಗುಳ್ಳೆಗಳಲ್ಲೇ. ಅವು ಉದುರಿದ ಪುಟದಲ್ಲಿ ಒಬ್ಬ ಸೈನಿಕ ಒಂದು ಬಂದೂಕು ಹಿಡಿದು, ಒಂದು ಹೆಲ್ಮೆಟ್ ತೊಟ್ಟು, ಒಂದು ಚೀಲ ಹೊತ್ತು ನಡೆಯುತ್ತಿರುತ್ತಾನೆ, ಅಷ್ಟೆ.

ಆದ್ದರಿಂದ ಜತನ ಮಾಡುವವರು ಬಿದ್ದ ಚೂರುಗಳನ್ನು ಬಿಸಾಡುವುದಿಲ್ಲ. ಹಳೆಯ ಸಂಚಿಕೆಯನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು, ಯಾವ ಚೂರು ಎಲ್ಲಿಯದೆಂದು ಕಂದು ಕಲೆಯ ಆಕಾರ ನೋಡಿ ಗುರುತಿಸಿ, ಮತ್ತೆ ಬೇಕೆಂದಾಗ ನೀರಿನಲ್ಲಿ ಬಿಡಿಸಬಹುದಾದ ಗೋಧಿಗಂಜಿಯ ಅಂಟನ್ನು ತೆಳ್ಳಗೆ ಸವರುತ್ತಾರೆ. ಬಂದೂಕಿನ ಕಡೆಗೆ ಗುಳ್ಳೆಯ ಬಾಲ ತಿರುಗಿಸಿ, ಇಕ್ಕಳದಿಂದ ಎತ್ತಿ, ಇದ್ದ ಜಾಗದಲ್ಲೇ ಕೂರಿಸುತ್ತಾರೆ. ಒಣಗುವವರೆಗೆ ಮೇಲೊಂದು ಹಗುರವಾದ ತೂಕ ಇಡುತ್ತಾರೆ.